ತನಿಫಾಗೋಸ್ಕರ ಹೈವೇ ತಿರುಗಿಸಿದ್ದು ನಿಜಾನಾ? ನಮ್ಮೂರ ಚೌಡಿ ಬನದ ವಿಷ್ಯ

ಕಾನಂಚು:
ನಮಸ್ಕಾರ, ನಮ್ದು ತೀರ್ಥಹಳ್ಳಿ ಕಡೆ. ಊರ ರಸ್ತೆ ಅಗಲ ಮಾಡೋಕೆ ಅಳತೆ ಮಾಡ್ಕೊಂಡು ಹೋಗಿದಾರೆ, ಗೂಟ ಹೊಡ್ದಿರೋದು ಸೀದಾ ಚೌಡಿ ಬನದೊಳಗೆ. ಹಳಬರು ಬೇಡವೇ ಬೇಡ ಅಂತಾರೆ, ನನ್ ವಯಸ್ಸಿನೋರು ಕಲ್ಲು ಎತ್ತಿ ಈಚೆ ಇಟ್ರಾಯ್ತಲ್ಲ ಅಂತಾರೆ. ನ್ಯೂಜಿಲೆಂಡಿನ ಆಕ್ಲೆಂಡಲ್ಲಿರೋ ಅಕ್ಕಂಗೆ ಫೋನಲ್ಲಿ ಹೇಳ್ತಿದ್ರೆ ಅವ್ಳು, ಇಲ್ಲಿ ಮೂಲನಿವಾಸಿ ಮಾವೋರಿಗಳ ತನಿಫಾಗೋಸ್ಕರ ಹೈವೇನೇ ಕೈಬಿಟ್ರಂತೆ ಕಣೋ ಅಂದ್ಲು. ಹೌದಾ? ತನಿಫಾ ಅಂದ್ರೆ ಎಂತದು, ದೆವ್ವನಾ, ನಮ್ ಚೌಡಿ ಥರನಾ? ಭಾನುವಾರ ಮೀಟಿಂಗಲ್ಲಿ ಹೇಳಣ ಅಂತಿದೀನಿ, ಸುಳ್ಳಾದ್ರೆ ಮರ್ಯಾದೆ ಹೋಗತ್ತೆ.

ಮಳೆಜಿರಳೆ:
ನಾನು ಅದೇ ದೇಶದ ಹ್ಯಾಮಿಲ್ಟನ್ನಲ್ಲಿ ಆರು ವರ್ಷ ಇದ್ದೆ. ಅರ್ಧ ನಿಜ. 2002ರಲ್ಲಿ ಮೆರೆಮೆರೆ ಹತ್ರ ಹೈವೇ ಕೆಲಸ ನಡೀತಿದ್ದಾಗ ಙಾತಿ ನಹೋ ಅನ್ನೋ ಪಂಗಡದೋರು ಇಲ್ಲಿ ಜೌಗಲ್ಲಿ ನಮ್ಮ ಕರುತಹಿ ಇದಾನೆ ಅಂತ ತಡೆದ್ರು. (ಕರು ಅಂದ್ರೆ ಕಣ್ಣು, ತಹಿ ಅಂದ್ರೆ ಒಂದು. ಒಕ್ಕಣ್ಣ. ಹಾಂ, ಙಾತಿಯ ಆ ಙ ಬೇಕೇ ಬೇಕು, ನಾವು ಶಾಲೇಲಿ ಉರು ಹೊಡ್ದು ಎಲ್ಲೂ ಬಳಸದೆ ಬಿಟ್ಟಿರೋ ಅಕ್ಷರ ಅಲ್ಲಿ ದಿನಾ ಬೇಕು ಮಾರಾಯ್ರೆ.) ಕೆಲಸ ಸ್ವಲ್ಪ ದಿನ ನಿಲ್ತು, ಪೇಪರ್ನೋರು ಗೇಲಿ ಮಾಡಿದ್ರು, ಆಮೇಲೆ ಮಾತುಕತೆ ಆಗಿ ಜೌಗಿನ ಆ ಭಾಗ ಉಳಿಯೋ ಹಾಗೆ ಪ್ಲಾನ್ ತಿದ್ದಿ ರಸ್ತೆ ಮಾಡಿದ್ರು. ಕೈಬಿಡ್ಲಿಲ್ಲ.

ತನಿಫಾ ದೆವ್ವ ಅಲ್ಲ. ಹೊಳೆ ಮಡು, ಗುಹೆ, ಸಮುದ್ರ ಇಂಥಲ್ಲಿರತ್ತೆ, ಒಂದ್ಕಡೆ ದೊಡ್ಡ ಹಲ್ಲಿ ಥರ, ಇನ್ನೊಂದ್ಕಡೆ ತಿಮಿಂಗಿಲ, ಕೆಲವು ಬರೀ ತೇಲೋ ಮರದ ದಿಮ್ಮಿ. ತನ್ನ ಜನಕ್ಕೆ ಕಾವಲು, ಹೊರಗಿನೋರಿಗೆ ಭಯ. ವೈಕಾತೊ ನದಿಗೆ ಒಂದು ಗಾದೆ ಇದೆ, ನೂರು ತನಿಫಾ, ತಿರುವಿಗೊಂದು ತನಿಫಾ ಅಂತ. ಅಲ್ಲಿ ತನಿಫಾ ಅಂದ್ರೆ ದೊಡ್ಡ ನಾಯಕ ಅಂತಾನೂ ಅರ್ಥ. ಚೌಡಿಗೆ ಆ ಅರ್ಥ ಇಲ್ವಲ್ಲ, ಸೋ ಪೂರ್ತಿ ಒಂದೇ ಅಲ್ಲ.

ಶರಾವತಿ_ಮುಳುಗಡೆ:
ನಮ್ಮಜ್ಜನ ಕಾಲಕ್ಕೆ ಲಿಂಗನಮಕ್ಕೀಲಿ ಊರಿಗೂರೇ ಮುಳುಗ್ತು, ಯಾವ ಚೌಡಿ ಡ್ಯಾಮ್ ನಿಲ್ಸ್ತು? ನಮ್ಮೋರು ಕಲ್ಲು ಬುಟ್ಟೀಲಿ ಹೊತ್ಕೊಂಡು ಬಂದು ಸಾಗರದ ಹತ್ರ ಇಟ್ರು, ಈಗ್ಲೂ ಕೋಳಿ ಕೊಡ್ತೀವಿ. ಬೇಜಾರ್ ಮಾಡ್ಕೋಬೇಡಿ, ಹೀಗೆ ಶುರುವಾದ್ರೆ ನಾಳೆ ತೋಟ ಉಳಿಸ್ಕಳಕ್ಕೆ ಎಲ್ರ ಬೇಲೀಲೂ ಒಂದೊಂದು ಚೌಡಿ ಹುಟ್ತಾಳೆ.

ಅಡಕೆಸಿಪ್ಪೆ:
ಶರಾವತಿಯವರೆ, ಹೊತ್ಕೊಂಡು ಬಂದಿದ್ದು ಬೇರೆ ದಾರಿ ಇರ್ಲಿಲ್ಲ ಅಂತ ತಾನೆ. ನ್ಯೂಜಿಲೆಂಡಲ್ಲಿ ದಾರಿ ಇತ್ತು. ಬ್ರಿಟಿಷರ ಜೊತೆ ಆದ 1840ರ ವೈತಾಂಗಿ ಒಪ್ಪಂದ ಹಿಡ್ಕೊಂಡು ಮಾವೋರಿಗಳು ದಶಕಗಟ್ಲೆ ಜಗಳ ಆಡಿದಾರೆ, 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೇಲಿ ಮಾವೋರಿಗಳಿಗೂ ಅವ್ರ ನೆಲ ನೀರಿಗೂ ಇರೋ ಸಂಬಂಧ ಲೆಕ್ಕಕ್ಕೆ ತಗೋಬೇಕು ಅಂತಾನೇ ಬರ್ದಿದ್ರು. ವಾಂಗನುಯಿ ಹೊಳೆಗಂತೂ 2017ರಲ್ಲಿ ಮನುಷ್ಯರಿಗಿರೋ ಥರ ಕಾನೂನಿನ ಹಕ್ಕೇ ಕೊಟ್ರು.

ಇನ್ನೊಂದು ವಿಷ್ಯ. ಮತತಾ ಅನ್ನೋ ಊರಲ್ಲಿ ಒಂದು ಹಳ್ಳನ ಹಲ್ಲಿ ರೂಪದ ತನಿಫಾ ಅಂತ ಹೇಳ್ತಾರೆ, ಬಾಲ ಆಕಡೆ ಈಕಡೆ ಬೀಸತ್ತೆ, ಬಾಲದ ಹತ್ರ ಮನೆ ಕಟ್ಬೇಡಿ ಅಂತ ಹಿರಿಯರ ಮಾತು. 2005ರಲ್ಲಿ ಜೋರು ಮಳೆಗೆ ಗುಡ್ಡದ ಮಣ್ಣು ಬಂಡೆ ಎಲ್ಲ ಹಳ್ಳದಲ್ಲಿ ಇಳಿದು ಎಷ್ಟೋ ಮನೆ ಹೋದ್ವು, ಮಾವೋರಿಗಳ ಮರಾಎ, ಅಂದ್ರೆ ಅವ್ರ ಸಭೆ ಸೇರೋ ಜಾಗಗಳು, ಉಳಿದ್ವು. ಕಾನಂಚು ಅವ್ರೆ, ನಿಮ್ ಬನದಲ್ಲಿ ನೀರಿದ್ಯಾ ನೋಡಿದೀರಾ?

ಕಾನಂಚು:
ಇದೆ ಸಾರ್! ಒರತೆ ಇದೆ, ಬೇಸಿಗೇಲಿ ಕೆಳಗಿನ ಮೂರು ಮನೆ ತೋಟಕ್ಕೆ ಅದೇ ನೀರು, ಕಲ್ಲಿನ ಗಲಾಟೇಲಿ ಅದು ತಲೆಗೇ ಬಂದಿರ್ಲಿಲ್ಲ. ಈಗ ಅಳೆದು ಬಂದೆ, ಗೂಟದಿಂದ ಒರತೆಗೆ ನಾಲ್ಕೇ ಮಾರು. ಅಕ್ಕಂಗೆ ಹೈವೇ ಕೈಬಿಟ್ಟಿಲ್ಲ ಅಂತ ಹೇಳಿದ್ದಕ್ಕೆ ಫೋನ್ ಇಟ್ಬಿಟ್ಲು.