ಸಹಾಯ ಬೇಕು: ನೆಟ್‌ಸಿಡಿಎಫ್ ಬರೆಯುವಾಗ ನ್ಯಾನ್ ಎಲ್ಲ ಸೊನ್ನೆ ಆಗುತ್ತಿದೆ

ಹವಾಮಾನ ಇಲಾಖೆಯ 0.25 ಡಿಗ್ರಿ ಚೌಕಗಳ ಮಳೆ ಡೇಟಾವನ್ನು ಪೈಥಾನ್‌ನ ಎಕ್ಸ್‌ಅರ್ರೇ ಲೈಬ್ರರಿಯಲ್ಲಿ ನೆಟ್‌ಸಿಡಿಎಫ್‌ಗೆ (ಹವಾಮಾನ ಡೇಟಾ ಇಡುವ ಫೈಲ್ ರೂಪ) ಬರೆಯುತ್ತಿದ್ದೇನೆ. ಮೂಲದಲ್ಲಿ ಅಳತೆ ಇಲ್ಲದ ಕಡೆ -999 ಇದೆ. ಓದಿದ ತಕ್ಷಣ ಅದನ್ನು ನ್ಯಾನ್ (NaN, ಅಂದರೆ ಸಂಖ್ಯೆ ಇಲ್ಲ ಎಂಬ ಗುರುತು) ಮಾಡಿಕೊಳ್ಳುತ್ತೇನೆ, ಸರಾಸರಿ ಸರಿಯಾಗೇ ಬರುತ್ತದೆ. ತೊಂದರೆ ಇರುವುದು ಬರೆಯುವಾಗ.

ಫೈಲ್ ಚಿಕ್ಕದಾಗಲಿ ಅಂತ 16 ಬಿಟ್ ಪೂರ್ಣಾಂಕ, ಸ್ಕೇಲ್ (ಓದುವಾಗ ಗುಣಿಸುವ ಸಂಖ್ಯೆ) 0.1 ಕೊಟ್ಟಿದ್ದೇನೆ. ಪೂರ್ಣಾಂಕದಲ್ಲಿ ನ್ಯಾನ್‌ಗೆ ಜಾಗವೇ ಇಲ್ಲ ಅಲ್ವಾ? ಮತ್ತೆ ತೆರೆದರೆ ಅರಬ್ಬಿ ಸಮುದ್ರದ ಮೇಲೆಲ್ಲ 0 ಮಿ.ಮೀ. ಮಳೆ! ಮಳೆ ಬಾರದ ದಿನವೂ ಅಳತೆಯೇ ಇಲ್ಲದ ಜಾಗವೂ ಒಂದೇ ಆಗಲೇಬಾರದು.

ಎನ್‌ಕೋಡಿಂಗ್‌ನಲ್ಲಿ (ಬರೆಯುವ ರೀತಿಯ ಸೆಟ್ಟಿಂಗ್) ಫಿಲ್‌ವ್ಯಾಲ್ಯೂ, ಅಂದರೆ ಅಳತೆ ಇಲ್ಲದ ಕಡೆ ಇಡುವ ಸಂಖ್ಯೆ, -32768 ಕೊಟ್ಟರೆ ಸಾಕಾ? ಸ್ಕೇಲ್ ಆಗುವ ಮೊದಲಿನ ಸಂಖ್ಯೆಯನ್ನೇ ಕೊಡಬೇಕಾ? ಅಕ್ಷಾಂಶ, ರೇಖಾಂಶಕ್ಕೂ ಫಿಲ್‌ವ್ಯಾಲ್ಯೂ ತಾನಾಗೇ ಸೇರುತ್ತಿದೆ, ಅದನ್ನು ತೆಗೆಯುವುದು ಹೇಗೆ? ಸಿಡಿಒದಲ್ಲಿ (ಹವಾಮಾನ ಫೈಲ್‌ಗಳನ್ನು ಸಂಸ್ಕರಿಸುವ ತಂತ್ರಾಂಶ) ಇಂಥ ಫೈಲ್ ತೆರೆದು ನೋಡಿದವರು ದಯವಿಟ್ಟು ತಿಳಿಸಿ. ನಾಲ್ಕು ಸಾಲಿನ ಕೋಡ್ ಹಾಕಿದರೂ ತುಂಬಾ ಉಪಕಾರ.