ಪದಚರ್ಚೆ: ಪಾಠದೊಳಗೆ ಎಸ್‌ಡಿಜಿ ‘ಇಂಟಿಗ್ರೇಟ್’ ಮಾಡುವುದಕ್ಕೆ ಕನ್ನಡ ಏನು? (ಅರ್ಜೆಂಟ್)

ದಾವಣಗೆರೆಯಿಂದ, ಸೋಮವಾರ

ಎಲ್ಲರಿಗೂ ನಮಸ್ಕಾರ. ಗುರುವಾರ ನಮ್ಮ ಕಾಲೇಜಿನಲ್ಲಿ ಮೇಷ್ಟ್ರುಗಳಿಗೆ ಕಾರ್ಯಾಗಾರ ಇದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಎಸ್‌ಡಿಜಿಗಳನ್ನು (ಸುಸ್ಥಿರ ಅಭಿವೃದ್ಧಿ ಗುರಿಗಳನ್ನು) ಪದವಿ ಪಾಠಗಳೊಳಗೆ ತರುವುದು ಹೇಗೆ ಅನ್ನೋದು ವಿಷಯ. ಕನ್ನಡ ವಿಭಾಗದವಳು ಅಂತ ಬ್ಯಾನರ್ ಕೆಲಸ ನನ್ನ ತಲೆಗೆ ಬಂತು. ಕೈಗೆ ಕೊಟ್ಟ ಕರಡು ಹೀಗಿದೆ: ‘ವಿಶ್ವವಿದ್ಯಾಲಯ ಬೋಧನೆಯಲ್ಲಿ ಸುಸ್ಥಿರ ಅಭಿವೃದ್ಧಿ ಗುರಿಗಳ ಏಕೀಕರಣ’. ಏಕೀಕರಣ ಅಂದರೆ ನನಗೆ 1956 ನೆನಪಾಗುತ್ತದೆ. ಗಣಿತದವರನ್ನು ಕೇಳಿದರೆ ‘ಅನುಕಲನ’ ಅಂದು ನಕ್ಕರು.

ಇನ್ನೊಂದು ತೊಡಕು. ಗೋಲ್ 17, ಅವುಗಳ ಕೆಳಗೆ ಟಾರ್ಗೆಟ್ 169. ಎರಡನ್ನೂ ‘ಗುರಿ’ ಅಂದರೆ ಕೈಪಿಡಿ ಓದುವವರ ಗತಿ? ಬುಧವಾರ ಬೆಳಿಗ್ಗೆಯೊಳಗೆ ಬೇಕು.

ಚಿತ್ರದುರ್ಗದಿಂದ

ಮೊದಲು ‘ಸುಸ್ಥಿರ’ ತೆಗೆಯಿರಿ. ಸ್ಥಿರ ಅಂದರೆ ಅಲುಗಾಡದ್ದು, ಅಭಿವೃದ್ಧಿ ಅಂದರೆ ಬೆಳೆಯುವುದು. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದವರು ಯಾರೋ! ವಿಶ್ವಸಂಸ್ಥೆ ಆಯೋಗದ 1987ರ ಬ್ರಂಟ್‌ಲ್ಯಾಂಡ್ ವರದಿ ಈ ಬಗ್ಗೆ ಹೇಳಿದ್ದು ಇಷ್ಟೇ: ಇವತ್ತಿನವರ ಅಗತ್ಯ ತೀರಬೇಕು, ಮುಂದಿನವರ ಪಾಲಿಗೆ ಕುಂದು ಬರಬಾರದು. ನಮ್ಮಜ್ಜ ಬಿತ್ತನೆಗೆ ಎತ್ತಿಟ್ಟ ಜೋಳವನ್ನು ಎಂಥ ಬರದಲ್ಲೂ ಮುಟ್ಟುತ್ತಿರಲಿಲ್ಲ. ಅದರಲ್ಲಿ ‘ಸ್ಥಿರ’ ಎಲ್ಲಿದೆ? ‘ಬಾಳಿಕೆಯ ಏಳಿಗೆ’ ಅನ್ನಿ.

ಹರಿಹರದಿಂದ

ಬಾಳಿಕೆ ಚಪ್ಪಲಿಗೆ ಹೇಳೋ ಮಾತು. ಸರ್ಕಾರಿ ಕಡತದಲ್ಲೂ ಪತ್ರಿಕೆಯಲ್ಲೂ ‘ಸುಸ್ಥಿರ’ ಕೂತಾಗಿದೆ. ಮೇಡಂ ಕೇಳಿದ್ದು ಇಂಟಿಗ್ರೇಟ್‌ಗೆ. ಟಾರ್ಗೆಟ್‌ಗೆ ‘ಉಪಗುರಿ’ ಸಾಕು.

ಚಿತ್ರದುರ್ಗದಿಂದ

ಉಪಗುರಿ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು. ವ್ಯಾಕರಣ ಬರೆದ ಕೇಶಿರಾಜ ಅದನ್ನು ಬಿರುದಾವಳಿಗೆ ಬಿಟ್ಟುಕೊಟ್ಟಿದ್ದಾನೆ, ಬ್ಯಾನರ್‌ಗಲ್ಲ.

ಹರಿಹರದಿಂದ

ಬ್ಯಾನರ್ರೂ ಬಿರುದಾವಳಿಯೇ ಅಲ್ವಾ?

ದಾವಣಗೆರೆಯಿಂದ, ಇನ್ನೊಬ್ಬರು

ನಮ್ಮದು ಹತ್ತಿ ಮಿಲ್ಲಿನ ಊರು, ಮಗ್ಗದ ಮಾತು ಬಿಟ್ಟು ಬೇರೆ ಕಡೆ ಯಾಕೆ ಹುಡುಕುತ್ತೀರಿ? ‘ಹಾಸುಹೊಕ್ಕು’. ಹಾಸು ಅಂದರೆ ಮಗ್ಗದ ಮೇಲೆ ಮೊದಲು ಹಾಸಿದ ಉದ್ದನೆ ಎಳೆ. ಹೊಕ್ಕು ಅಂದರೆ ಲಾಳಿಯ ಜೊತೆ ಅದರ ನಡುವೆ ಹೊಗುವ ಅಡ್ಡ ಎಳೆ. ಹಳಗನ್ನಡದ ‘ಪುಗು’ವೇ ‘ಹೊಗು’ ಆಗಿದ್ದು. ಪಾಠ ಹಾಸು, ಎಸ್‌ಡಿಜಿ ಹೊಕ್ಕು. ಸೆಮಿಸ್ಟರ್ ಕೊನೆಗೆ ಒಂದು ಗಂಟೆ ಎಸ್‌ಡಿಜಿ ಭಾಷಣ ಅಂಟಿಸಿದರೆ ಅದು ತೇಪೆ. ನೀರಿನದು 6ನೇ ಗುರಿ ತಾನೇ? ಅದಕ್ಕೆ ಬೇರೆ ಪಾಠ ಬೇಡ. ದುರ್ಗದ ಕೋಟೆಯಲ್ಲಿ ಒಂದು ಹೊಂಡ ತುಂಬಿ ಮುಂದಿನದಕ್ಕೆ ನೀರು ಹರಿಯುವುದನ್ನು ಸಿವಿಲ್ ಮಕ್ಕಳಿಗೆ ಲೆಕ್ಕವಾಗಿ ಕೊಡಿ. ಮಗ್ಗವೇ ಕಾಣದವರು ‘ಏಕೀಕರಣ’ ಅಂತ ಬರೀತಾರೆ.

ಟಾರ್ಗೆಟ್‌ಗೆ ‘ಒಳಗುರಿ’. ಎಸ್‌ಡಿಜಿಯನ್ನೇ ಪಾಠ ಮಾಡಿ ಅನ್ನುವುದು 4.7ನೇ ಒಳಗುರಿ. ಅರಿಸಮಾಸದ ಕಾಟವೂ ಇಲ್ಲ.

ಹರಿಹರದಿಂದ

ಒಳಗುರಿ ಒಪ್ಪಿದೆ. ಆದರೆ ಸೆಮಿಸ್ಟರ್, ಸಿವಿಲ್, ಮಿಲ್ಲು ಎಲ್ಲ ಸಲೀಸಾಗಿ ಬರೆದವರು ‘ಏಕೀಕರಣ’ದ ಮೇಲೆ ಮಾತ್ರ ಮುನಿಯುವುದು ಯಾಕೋ. ಇಂಗ್ಲಿಷಿನ ಸಾಲ ಸಾಲವಲ್ಲವೇ?

ಚಿತ್ರದುರ್ಗದಿಂದ

ಬಳಸಿ ಸವೆದ ಸಾಲ ಬೇರೆ, ಕಚೇರಿಯಲ್ಲಿ ಕೂತು ಹೊಸೆದ ಸಾಲ ಬೇರೆ. ಇಷ್ಟೂ ತಿಳಿಯದವರೊಡನೆ ಏನು ಚರ್ಚೆ. ಅಂದ ಹಾಗೆ, ಬ್ಯಾನರ್ ಫ್ಲೆಕ್ಸಿನದಾ? ರಾಜ್ಯದಲ್ಲಿ 2016ರಲ್ಲೇ ಅದಕ್ಕೆ ನಿಷೇಧ ಬಿದ್ದಿದೆ.

ದಾವಣಗೆರೆಯಿಂದ, ಬುಧವಾರ

ಫ್ಲೆಕ್ಸೇ ಹೇಳಿದ್ದೆ, ನಾಚಿಕೆಯಾಯಿತು. ಬಟ್ಟೆಗೆ ಬದಲಾಯಿಸಿದೆ. ಬರಹ ಇದು: ‘ಸುಸ್ಥಿರ ಅಭಿವೃದ್ಧಿ ಗುರಿಗಳು ನಮ್ಮ ಪಾಠದಲ್ಲಿ ಹಾಸುಹೊಕ್ಕು’. ಟಾರ್ಗೆಟ್ ಕೈಪಿಡಿಯಲ್ಲಿ ‘ಒಳಗುರಿ’ ಆಗಿದೆ. ಕುಂಚದಲ್ಲಿ ಬರೆಯುವ ಅಜ್ಜ ಮಾತ್ರ ಒತ್ತಕ್ಷರ ಜಾಸ್ತಿ, ಬಟ್ಟೆ ಸಾಲದು ಅಂತ ಗೊಣಗುತ್ತಿದ್ದಾರೆ.

ಚಿತ್ರದುರ್ಗದಿಂದ

‘ಬಾಳಿಕೆಯ ಏಳಿಗೆ’ಯಲ್ಲಿ ಒಂದೂ ಒತ್ತಿಲ್ಲ. ಆ ಅಜ್ಜನನ್ನೇ ಕೇಳಿ ನೋಡಿ.