ಡಯಟ್, ಓಟ, ಜಿಮ್ ಇರುವಾಗ ರಕ್ತ ಕೊಡಬಹುದಾ?

ಪ್ರಶ್ನೆ: ಹೆಣ್ಣು, ವಯಸ್ಸು 29, ತೂಕ 58 ಕೆ.ಜಿ. ದಿನಕ್ಕೆ 1,400 ಕ್ಯಾಲೊರಿ ಊಟ, ವಾರಕ್ಕೆ ನಾಲ್ಕು ದಿನ ಓಟ, ಎರಡು ದಿನ ಜಿಮ್. ಭಾನುವಾರ ಬಡಾವಣೆಯಲ್ಲಿ ರಕ್ತದಾನ ಶಿಬಿರ ಇದೆ. ಮೂರು ವಾರ ಬಿಟ್ಟು 10 ಕಿ.ಮೀ. ರೇಸ್. ಕೊಡಲಾ?

ಬ್ಲಡ್‌ಬ್ಯಾಂಕ್ ಟೆಕ್ನೀಷಿಯನ್: ಕೊಡಿ. ಹಿಮೋಗ್ಲೋಬಿನ್ 12.5 (100 ಎಂ.ಎಲ್. ರಕ್ತಕ್ಕೆ 12.5 ಗ್ರಾಂ) ಇರಬೇಕು, ಅಷ್ಟೆ. 55 ಕೆ.ಜಿ. ದಾಟಿದವರಿಂದ 450 ಎಂ.ಎಲ್. ತೆಗೆಯಬಹುದು, ಆದರೆ 350ರ ಚೀಲ ಸಾಕು ಅಂತ ಮೊದಲೇ ಹೇಳಿ. ಡಯಟ್ ಮಾಡುವವರು ತಲೆ ಸುತ್ತಿ ಬೀಳೋದು ರಕ್ತ ಹೋಗಿದ್ದಕ್ಕಷ್ಟೇ ಅಲ್ಲ, ಹದಿನಾರು ಗಂಟೆ ಉಪವಾಸದಲ್ಲೇ ಬಂದು ಮಲಗೋದಕ್ಕೆ. ಎರಡು ಗಂಟೆ ಮುಂಚೆ ಇಡ್ಲಿ ತಿನ್ನಿ, ಅರ್ಧ ಲೀಟರ್ ನೀರು ಕುಡಿಯಿರಿ. ಹಿಮೋಗ್ಲೋಬಿನ್ ನೋಡೋಕೆ ಬೆರಳಿನಿಂದ ತೆಗೆದ ರಕ್ತದ ಹನಿ ನೀಲಿ ತುತ್ತದ ದ್ರಾವಣದಲ್ಲಿ ಸರ್ರನೆ ಮುಳುಗಿದರೆ ಪಾಸು, ತೇಲಿದರೆ ವಾಪಸ್. ಸೂಜಿ ತೆಗೆದ ಮೇಲೆ ಮೊಣಕೈ ಮಡಚಬೇಡಿ. ಕೈ ನೀಟಾಗಿ ಚಾಚಿ ಹತ್ತಿ ಒತ್ತಿ ಹಿಡಿಯಿರಿ, ಮಡಚಿದರೇ ರಕ್ತ ಹೆಪ್ಪುಗಟ್ಟಿ ಕಪ್ಪಾಗೋದು. ಆ ಕೈಯಲ್ಲಿ ಎರಡು ದಿನ ಭಾರ ಬೇಡ.

ಓಟದ ಕೋಚ್: "ಅಷ್ಟೆ" ಅಂತೀರಲ್ಲ ಸರ್, ರೇಸ್ ಮೂರು ವಾರಕ್ಕಿದೆ! ಪ್ಲಾಸ್ಮಾ ಒಂದೆರಡು ದಿನದಲ್ಲಿ ತುಂಬುತ್ತೆ, ಕೆಂಪು ಕಣಕ್ಕೆ ನಾಲ್ಕರಿಂದ ಎಂಟು ವಾರ ಬೇಕು. ಅಲ್ಲಿವರೆಗೆ ಅದೇ ವೇಗಕ್ಕೆ ಎದೆಬಡಿತ ಜಾಸ್ತಿ. ಇನ್ನು ಕಬ್ಬಿಣದ ಲೆಕ್ಕ ನೋಡಿ: ಹಿಮೋಗ್ಲೋಬಿನ್ 13 ಇದ್ದರೆ 350 ಎಂ.ಎಲ್.ನಲ್ಲಿ 45 ಗ್ರಾಂ ಹಿಮೋಗ್ಲೋಬಿನ್, ಗ್ರಾಂಗೆ 3.4 ಮಿ.ಗ್ರಾಂ. ಕಬ್ಬಿಣ, ಅಂದರೆ 150 ಮಿ.ಗ್ರಾಂ. ದಾಟಿ ಹೋಯ್ತು. ನಮ್ಮ ಧಾನ್ಯ-ಬೇಳೆ ಊಟದ ಕಬ್ಬಿಣದಲ್ಲಿ ಹತ್ತರಲ್ಲೊಂದು ಪಾಲು ಮೈಗೆ ಹತ್ತಿದರೆ ಹೆಚ್ಚು. ಅದೂ ಅರೆಹೊಟ್ಟೆ ಡಯಟ್‌ನಲ್ಲಿ, ತಿಂಗಳ ಮುಟ್ಟಿನ ಜೊತೆಗೆ! ತುತ್ತದಲ್ಲಿ ಹನಿ ಮುಳುಗಿದರೂ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ತಳ ಕಂಡಿರಬಹುದು. ಮೊದಲು ಫೆರಿಟಿನ್ ಪರೀಕ್ಷೆ, ರೇಸ್ ಮುಗಿದ ಮರುವಾರ ರಕ್ತ.

ಬ್ಲಡ್‌ಬ್ಯಾಂಕ್ ಟೆಕ್ನೀಷಿಯನ್: ರೇಸ್ ಆದ ಮೇಲೆ ಅಂದವರಲ್ಲಿ ತಿರುಗಿ ಬರುವವರು ಕಮ್ಮಿ. ಬೇಸಿಗೆ ರಜೆಯಲ್ಲಿ ಕಾಲೇಜು ಶಿಬಿರಗಳೇ ಇರಲ್ಲ, ಫ್ರಿಜ್ ಖಾಲಿ. ಹೆರಿಗೆ ವಾರ್ಡಿನವರಿಗೆ ನಿಮ್ಮ ರೇಸ್ ತಾರೀಖು ಹೇಳಲಾ?

ಕೋಚ್: ನಾಲ್ಕು ತಿಂಗಳಿಗೊಮ್ಮೆ ವರ್ಷಗಟ್ಟಲೆ ಕೊಡಬೇಕಾದವರನ್ನ ಒಂದೇ ಸಲಕ್ಕೆ ರಕ್ತಹೀನತೆಗೆ ತಳ್ಳಬೇಡಿ ಅಂತಿದ್ದೀನಿ ಸರ್.

ಜಿಮ್ ಹುಡುಗ: ಕೊಟ್ಟರೆ 650 ಕ್ಯಾಲೊರಿ ಕರಗುತ್ತಂತೆ, ಡಯಟ್‌ಗೂ ಒಳ್ಳೇದಲ್ವಾ?

ಡಯಟಿಷಿಯನ್: ದಯವಿಟ್ಟು ಇದನ್ನ ಹರಡಬೇಡಿ. ತಕ್ಕಡಿ ತೋರಿಸೋದು ಹೋದ ರಕ್ತದ ತೂಕ, ನೀರು ಕುಡಿದರೆ ವಾಪಸ್. ಕೊಟ್ಟ ದಿನ, ಮರುದಿನ ಕ್ಯಾಲೊರಿ ಕಡಿತವೇ ಬೇಡ. ಕಬ್ಬಿಣ ಮೈಗೆ ಹತ್ತೋಕೆ ಹುರುಳಿಕಾಳು, ಮೊಳಕೆ ಹೆಸರುಕಾಳಿಗೆ ನಿಂಬೆ ಹಿಂಡಿ. ಊಟದ ಹಿಂದೆಯೇ ಕಾಫಿ ಬೇಡ.

ಹಳ್ಳಿಮನೆ ಅಡುಗೆ: ಬೆಲ್ಲ, ರಾಗಿ ಸಾಕು. ಕಬ್ಬಿಣದ ಮಾತ್ರೆ ಯಾಕೆ?

ಡಯಟಿಷಿಯನ್: ಅಕ್ಕ, ರಾಗಿಯಲ್ಲಿ ಕಬ್ಬಿಣ ಇದ್ದರೂ ಅದರಲ್ಲಿರೋ ಫೈಟೇಟ್, ಟ್ಯಾನಿನ್ ಅನ್ನೋ ಅಂಶಗಳು ಅದನ್ನ ಮೈಗೆ ಬಿಟ್ಟುಕೊಡಲ್ಲ. ಮೊಳಕೆ ಕಟ್ಟಿಸಿದರೆ ವಾಸಿ. ಬೆಲ್ಲದಲ್ಲಿ ಸಕ್ಕರೆಯೇ ಹೆಚ್ಚು.

ಹಳ್ಳಿಮನೆ ಅಡುಗೆ: ಮುದ್ದೆ ಉಂಡ ಊರೆಲ್ಲ ರಕ್ತಹೀನವಾ? ಕಬ್ಬಿಣದ ಬಾಣಲೆಯಲ್ಲಿ ಹುಳಿ ಗೊಜ್ಜು ಕುದಿಸಿ ನೋಡಿ, ಆಮೇಲೆ ಮಾತಾಡಿ.

ಡಯಟಿಷಿಯನ್: ಬಾಣಲೆ ಮಾತು ಸರಿ, ಹುಳಿಗೆ ಕಬ್ಬಿಣ ಬಿಡುತ್ತೆ. ಮುದ್ದೆ ಬಿಡಿ ಅಂತ ನಾನೆಲ್ಲಿ ಅಂದೆ?

ಕೋಚ್: ಡಾಕ್ಟರು ಮಾತ್ರೆ ಬರೆದರೆ ದಿನ ಬಿಟ್ಟು ದಿನ ಸಾಕಾ ಅಂತ ಕೇಳಿ. ಜೋರು ಓಟ ಆದ ಮೂರರಿಂದ ಆರು ಗಂಟೆಯೊಳಗೆ ಕಬ್ಬಿಣ ಹೀರೋದನ್ನ ತಡೆಯೋ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರಿ ಕರುಳು ಕಬ್ಬಿಣ ಸರಿಯಾಗಿ ಹೀರಲ್ಲ. ಓಡುವ ಮುಂಚೆ ಬೆಳಿಗ್ಗೆಯೇ ನುಂಗಿ.

ಬ್ಲಡ್‌ಬ್ಯಾಂಕ್ ಟೆಕ್ನೀಷಿಯನ್: ಖಾಲಿ ಹೊಟ್ಟೆಗೆ ನುಂಗಿ ಓಡಿದರೆ ವಾಂತಿ ಬರುತ್ತೆ ಸರ್, ಅದನ್ನೂ ಹೇಳಿ.